ಲಿಫ್ಟ್‌ಗೆ ಲೈಸೆನ್ಸ್ ಇದೆ, ಅದನ್ನು ರಿಪೇರಿ ಮಾಡುವವರಿಗೆ ಇದೆಯೇ?

ಎಲ್ಲಾದರೂ ಲಿಫ್ಟ್ ಅಪಘಾತದ ಸುದ್ದಿ ಬಂದರೆ ಸಾಕು, ಅಪಾರ್ಟ್‌ಮೆಂಟ್‌ಗಳ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡಲು ಶುರುವಾಗುತ್ತವೆ. ಒಂದು: "ರೋಪ್ ತುಂಡಾಗಿ ಲಿಫ್ಟ್ ಬೀಳುತ್ತಿದ್ದರೆ, ನೆಲ ಮುಟ್ಟುವ ಕ್ಷಣದಲ್ಲಿ ಮೇಲಕ್ಕೆ ಜಿಗಿಯಿರಿ, ಬದುಕುತ್ತೀರಿ." ಇನ್ನೊಂದು: "ಲಿಫ್ಟ್‌ನೊಳಗೆ ಸರ್ಕಾರದ ಲೈಸೆನ್ಸ್ ಅಂಟಿಸಿದ್ದರೆ ಭಯ ಬೇಡ, ನೂರಕ್ಕೆ ನೂರು ಸೇಫ್."

ಮೊದಲನೆಯದು ತಪ್ಪು. ಎರಡನೆಯದು ಅರ್ಧ ಸತ್ಯ, ಹಾಗಾಗಿ ಹೆಚ್ಚು ಅಪಾಯಕಾರಿ. ಆ ಲೈಸೆನ್ಸ್ ಲಿಫ್ಟ್‌ಗೆ ಸಂಬಂಧಿಸಿದ್ದು. ಕಳೆದ ವಾರ ಬಂದು ಅದರ ಪ್ಯಾನೆಲ್ ತೆರೆದು ವೈರ್ ಮುಟ್ಟಿದ ಮೆಕ್ಯಾನಿಕ್ ಯಾರು, ಅವರಿಗೆ ಏನು ಗೊತ್ತು ಎಂಬುದನ್ನು ಅದು ಹೇಳುವುದಿಲ್ಲ. ಇದೇ ಪ್ರಶ್ನೆಯನ್ನಿಟ್ಟುಕೊಂಡು ಅಮೆರಿಕದ ಹಲವು ರಾಜ್ಯಗಳು ತಮ್ಮ ಕಾನೂನನ್ನು ಬದಲಾಯಿಸಿವೆ. ಅಲ್ಲಿ ಏನಾಯಿತು, ಅದರಿಂದ ನಮಗೆ ತಿಳಿಯಬೇಕಾದದ್ದೇನು ಎಂಬುದನ್ನು ನೋಡೋಣ.

ಚುಟುಕಾಗಿ ಹೇಳುವುದಾದರೆ

• ರೋಪ್ ತುಂಡಾಗಿ ಲಿಫ್ಟ್ ಬೀಳುವುದು ತೀರಾ ಅಪರೂಪ. ಹೆಚ್ಚು ಎಚ್ಚರ ಬೇಕಾದದ್ದು ಬಾಗಿಲಿನ ಬಳಿ.
• ಬಾಗಿಲಿನ ಸುರಕ್ಷತಾ ವ್ಯವಸ್ಥೆಯನ್ನು ರಿಪೇರಿ ಸಮಯದಲ್ಲಿ ಒಂದು ತುಂಡು ವೈರ್‌ನಿಂದ ಬೈಪಾಸ್ ಮಾಡಬಹುದು. ಅದನ್ನು ತೆಗೆಯಲು ಮರೆತರೆ ಲಿಫ್ಟ್ ಬಾಗಿಲು ತೆರೆದೇ ಚಲಿಸಬಹುದು.
• ಆದ್ದರಿಂದ ಲಿಫ್ಟ್‌ಗೆ ಮಾತ್ರವಲ್ಲ, ರಿಪೇರಿ ಮಾಡುವ ವ್ಯಕ್ತಿಗೂ ಲೈಸೆನ್ಸ್ ಬೇಕು ಎಂಬುದು ನ್ಯೂಯಾರ್ಕ್‌ನಂಥ ರಾಜ್ಯಗಳ ನಿಲುವು.
• ನಿಮ್ಮ ಕಟ್ಟಡದ ಲಿಫ್ಟ್ ಬಗ್ಗೆ ನೀವು ಇವತ್ತೇ ಕೇಳಬಹುದಾದ ಪ್ರಶ್ನೆಗಳು ಲೇಖನದ ಕೊನೆಯಲ್ಲಿವೆ.

ರೋಪ್ ತುಂಡಾದರೆ ಲಿಫ್ಟ್ ಬೀಳುವುದಿಲ್ಲವೇ?

ಸಾಮಾನ್ಯ ಲಿಫ್ಟ್ ಒಂದೇ ರೋಪ್‌ನ ಮೇಲೆ ನೇತಾಡುವುದಿಲ್ಲ. ಹಲವು ಉಕ್ಕಿನ ರೋಪ್‌ಗಳು ಸೇರಿ ಅದನ್ನು ಹೊತ್ತಿರುತ್ತವೆ. ಮೂರು ಅಥವಾ ಹೆಚ್ಚು ರೋಪ್‌ಗಳಿರುವ ಲಿಫ್ಟ್‌ನಲ್ಲಿ ರೋಪ್‌ಗಳು ತಾವು ಹೊರುವ ಭಾರದ 12 ಪಟ್ಟು ತಡೆಯುವಂತಿರಬೇಕು ಎನ್ನುತ್ತದೆ ಯುರೋಪಿನ ಮಾನದಂಡ. ಅದರ ಮೇಲೂ ಇನ್ನೊಂದು ರಕ್ಷಣೆ ಇದೆ. ಕ್ಯಾಬಿನ್ ಮಿತಿ ಮೀರಿ ವೇಗವಾಗಿ ಇಳಿದರೆ ಗವರ್ನರ್ ಎಂಬ ಸಾಧನ ಅದನ್ನು ಗುರುತಿಸುತ್ತದೆ. ಆಗ ಕ್ಯಾಬಿನ್‌ನ ಕೆಳಗಿರುವ ಸೇಫ್ಟಿ ಗೇರ್ ಎರಡೂ ಬದಿಯ ಹಳಿಗಳನ್ನು ಬಿಗಿಯಾಗಿ ಕಚ್ಚಿ ನಿಲ್ಲಿಸುತ್ತದೆ. ರೋಪ್ ಕಡಿದರೂ ಲಿಫ್ಟ್ ಬೀಳದಂಥ ವ್ಯವಸ್ಥೆಯನ್ನು ಎಲಿಷಾ ಓಟಿಸ್ ನ್ಯೂಯಾರ್ಕ್‌ನ ಪ್ರದರ್ಶನವೊಂದರಲ್ಲಿ ಜನರ ಎದುರೇ ತೋರಿಸಿದ್ದು 1854ರಲ್ಲಿ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಲಿಫ್ಟ್‌ನ ಇನ್ನೊಂದು ತುದಿಯಲ್ಲಿ ಕೌಂಟರ್‌ವೇಟ್ ಇರುತ್ತದೆ. ಖಾಲಿ ಕ್ಯಾಬಿನ್‌ನ ತೂಕಕ್ಕೆ, ಅದು ಹೊರಬಲ್ಲ ಭಾರದ ಸುಮಾರು ಅರ್ಧವನ್ನು ಸೇರಿಸಿದಷ್ಟು ಅದರ ತೂಕ. ಅಂದರೆ ಒಳಗೆ ಒಬ್ಬರೋ ಇಬ್ಬರೋ ಇದ್ದಾಗ ಬ್ರೇಕ್ ಕೈಕೊಟ್ಟರೆ ಲಿಫ್ಟ್ ಕೆಳಗೆ ಬೀಳುವುದಿಲ್ಲ, ಮೇಲಕ್ಕೆ ಹೋಗುತ್ತದೆ!

ಜಿಗಿಯುವ ಸಲಹೆಯೂ ಪ್ರಯೋಜನವಿಲ್ಲದ್ದು. ಬೀಳುವ ವೇಗದ ಮುಂದೆ ನಮ್ಮ ಜಿಗಿತದ ವೇಗ ಏನೇನೂ ಅಲ್ಲ. ನೆಲ ಯಾವಾಗ ತಾಕುತ್ತದೆ ಎಂದು ಮುಚ್ಚಿದ ಕ್ಯಾಬಿನ್‌ನೊಳಗೆ ತಿಳಿಯುವುದೂ ಇಲ್ಲ. ನಿಜಕ್ಕೂ ಲಿಫ್ಟ್ ಬಿದ್ದ ಪ್ರಸಿದ್ಧ ಘಟನೆ 1945ರ ಜುಲೈ 28ರದು. ನ್ಯೂಯಾರ್ಕ್‌ನ ಎಂಪೈರ್ ಸ್ಟೇಟ್ ಕಟ್ಟಡಕ್ಕೆ ಬಿ-25 ಯುದ್ಧವಿಮಾನ ಬಡಿದ ಹೊಡೆತಕ್ಕೆ ಲಿಫ್ಟ್‌ನ ರೋಪ್‌ಗಳು ಹಾಳಾಗಿದ್ದವು. ಆಪರೇಟರ್ ಬೆಟ್ಟಿ ಲೂ ಆಲಿವರ್ ಇದ್ದ ಲಿಫ್ಟ್ 75 ಮಹಡಿಗಳಷ್ಟು ಕೆಳಗೆ ಬಿತ್ತು. ಅವರು ಬದುಕುಳಿದರು. ಲಿಫ್ಟ್ ಹಾಗೆ ಬೀಳಲು ಒಂದು ವಿಮಾನವೇ ಬಂದು ಬಡಿಯಬೇಕಾಯಿತು ಎಂಬುದನ್ನು ಗಮನಿಸಿ.

ಹಾಗಾದರೆ ನಿಜವಾದ ಅಪಾಯ ಎಲ್ಲಿದೆ?

ಬಾಗಿಲಲ್ಲಿ. ಪ್ರತಿ ಮಹಡಿಯ ಬಾಗಿಲಿಗೂ ಕ್ಯಾಬಿನ್‌ನ ಬಾಗಿಲಿಗೂ ವಿದ್ಯುತ್ ಸ್ವಿಚ್‌ಗಳಿರುತ್ತವೆ. ಇವೆಲ್ಲ ಒಂದರ ಹಿಂದೆ ಒಂದರಂತೆ ಸರಪಳಿಯಾಗಿ ಜೋಡಣೆಯಾಗಿರುತ್ತವೆ. ಯಾವುದಾದರೂ ಒಂದು ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಸರಪಳಿ ಕಡಿಯುತ್ತದೆ, ಮೋಟಾರಿಗೆ ಕರೆಂಟ್ ಹೋಗುವುದಿಲ್ಲ, ಬ್ರೇಕ್ ಬೀಳುತ್ತದೆ. ಬಾಗಿಲು ತೆರೆದಿರುವಾಗ ಲಿಫ್ಟ್ ಅಲುಗಾಡದಿರುವುದು ಇದರಿಂದಲೇ.

ಈಗ ಮೆಕ್ಯಾನಿಕ್ ಜಾಗದಲ್ಲಿ ನಿಂತು ಯೋಚಿಸಿ. ಲಿಫ್ಟ್ ನಿಂತಿದೆ. ಹತ್ತು ಮಹಡಿಯ ಬಾಗಿಲುಗಳಲ್ಲಿ ಯಾವುದರ ಸ್ವಿಚ್ ಕೆಟ್ಟಿದೆ ಎಂದು ಹುಡುಕಬೇಕು. ಅದಕ್ಕೆ ಕ್ಯಾಬಿನ್ ನಿಧಾನವಾಗಿಯಾದರೂ ಓಡಬೇಕು. ಆದರೆ ಸರಪಳಿ ಕಡಿದಿರುವಾಗ ಅದು ಓಡುವುದಿಲ್ಲ. ಆಗ ಮೆಕ್ಯಾನಿಕ್ ಒಂದು ತುಂಡು ವೈರನ್ನು ಎರಡು ಟರ್ಮಿನಲ್‌ಗಳ ನಡುವೆ ಸಿಕ್ಕಿಸಿ, ಬಾಗಿಲಿನ ಸ್ವಿಚ್‌ಗಳನ್ನು ದಾಟಿಸಿಬಿಡುತ್ತಾರೆ. ಇದಕ್ಕೆ ಜಂಪರ್ ಎನ್ನುತ್ತಾರೆ. ಈಗ ಬಾಗಿಲು ತೆರೆದಿದ್ದರೂ, ಮುಚ್ಚಿದೆ ಎಂದೇ ಲಿಫ್ಟ್ ನಂಬುತ್ತದೆ.

ಕಟ್ಟುನಿಟ್ಟಾಗಿ, ಜನರನ್ನು ದೂರವಿಟ್ಟು, ಇನ್‌ಸ್ಪೆಕ್ಷನ್ ಮೋಡ್‌ನಲ್ಲಿ ಮಾಡಿದರೆ ಇದು ಕೆಲಸದ ಒಂದು ಭಾಗ. ಎಷ್ಟು ಜಂಪರ್ ಹಾಕಿದೆ ಎಂದು ಎಣಿಸಿಟ್ಟು, ಅಷ್ಟನ್ನೂ ತೆಗೆದ ಮೇಲೆಯೇ ಲಿಫ್ಟನ್ನು ಜನರಿಗೆ ಬಿಡುವುದು ಒಳ್ಳೆಯ ಪದ್ಧತಿ. ತೆಗೆಯುವುದನ್ನು ಮರೆತರೆ?

ಮ್ಯಾಡಿಸನ್ ಅವೆನ್ಯೂನಲ್ಲಿ ಆ ಬೆಳಿಗ್ಗೆ

2011ರ ಡಿಸೆಂಬರ್ 14. ನ್ಯೂಯಾರ್ಕ್ ನಗರದ ಮ್ಯಾಡಿಸನ್ ಅವೆನ್ಯೂನ ಕಚೇರಿ ಕಟ್ಟಡವೊಂದರಲ್ಲಿ, ಜಾಹೀರಾತು ಸಂಸ್ಥೆಯ ಅಧಿಕಾರಿಯಾಗಿದ್ದ ಮಹಿಳೆಯೊಬ್ಬರು ಕೆಲಸಕ್ಕೆ ಬಂದು ಲಿಫ್ಟ್‌ಗೆ ಕಾಲಿಟ್ಟರು. ಬಾಗಿಲು ಇನ್ನೂ ತೆರೆದಿತ್ತು. ಲಿಫ್ಟ್ ಒಮ್ಮೆಗೇ ಮೇಲಕ್ಕೆ ಹೊರಟಿತು. ಕ್ಯಾಬಿನ್‌ಗೂ ಗೋಡೆಗೂ ನಡುವೆ ಸಿಕ್ಕಿ ಅವರು ಸತ್ತರು. ಲಿಫ್ಟ್‌ನೊಳಗಿದ್ದ ಇನ್ನಿಬ್ಬರು ಅದನ್ನು ಕಣ್ಣಾರೆ ನೋಡಬೇಕಾಯಿತು.

ನಗರದ ತನಿಖಾ ಇಲಾಖೆ 2012ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸ್ವಲ್ಪ ಮೊದಲು ಮೆಕ್ಯಾನಿಕ್‌ಗಳು ಅದೇ ಲಿಫ್ಟ್‌ನಲ್ಲಿ ಕೆಲಸ ಮಾಡಿದ್ದರು. ಬಾಗಿಲಿನ ಸುರಕ್ಷತಾ ಸರ್ಕ್ಯೂಟನ್ನು ಜಂಪರ್ ವೈರ್‌ನಿಂದ ಬೈಪಾಸ್ ಮಾಡಿದ್ದರು. ಜನರ ಬಳಕೆಗೆ ಬಿಡುವ ಮೊದಲು ನಗರದ ಕಟ್ಟಡ ಇಲಾಖೆಗೆ ತಿಳಿಸಿ ತಪಾಸಣೆ ಮಾಡಿಸಬೇಕಿತ್ತು, ಅದನ್ನೂ ಮಾಡಿರಲಿಲ್ಲ.

ಅಲ್ಲಿ ರೋಪ್ ತುಂಡಾಗಿರಲಿಲ್ಲ. ಲಿಫ್ಟ್ ತನಗೆ ಬಂದ ಸಂಕೇತದಂತೆಯೇ ನಡೆದುಕೊಂಡಿತು. ಆ ಸಂಕೇತ ಸುಳ್ಳಾಗಿತ್ತು, ಅದನ್ನು ಸುಳ್ಳಾಗಿಸಿದ್ದು ಮನುಷ್ಯರ ಕೈ.

ನ್ಯೂಯಾರ್ಕ್ ಕಾನೂನು ಬದಲಾದದ್ದು ಹೇಗೆ?

ಅಮೆರಿಕದಲ್ಲಿ ಲಿಫ್ಟ್ ಮೆಕ್ಯಾನಿಕ್‌ಗಳಿಗೆ ಇಡೀ ದೇಶಕ್ಕೆ ಒಂದೇ ಲೈಸೆನ್ಸ್ ಇಲ್ಲ. ಅದು ಆಯಾ ರಾಜ್ಯಕ್ಕೆ ಬಿಟ್ಟ ವಿಷಯ. ಮ್ಯಾಸಚೂಸೆಟ್ಸ್‌ನಂಥ ರಾಜ್ಯಗಳಲ್ಲಿ ಲೈಸೆನ್ಸ್ ಇಲ್ಲದೆ ಈ ಕೆಲಸ ಮಾಡುವಂತಿಲ್ಲ. ಇಂಥ ನಿಯಮವೇ ಇಲ್ಲದ ರಾಜ್ಯಗಳೂ ಇವೆ. ಲೆಕ್ಕವಿಲ್ಲದಷ್ಟು ಗಗನಚುಂಬಿ ಕಟ್ಟಡಗಳಿರುವ ನ್ಯೂಯಾರ್ಕ್‌ನಲ್ಲೂ, ಇಡೀ ರಾಜ್ಯಕ್ಕೆ ಅನ್ವಯಿಸುವ ಮೆಕ್ಯಾನಿಕ್ ಲೈಸೆನ್ಸ್ ಬಹಳ ಕಾಲ ಇರಲಿಲ್ಲ.

ಕಾರ್ಮಿಕ ಸಂಘಟನೆಗಳು ಮತ್ತು ಕೆಲವು ಶಾಸಕರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2020ರ ಆರಂಭದಲ್ಲಿ ಎಲಿವೇಟರ್ ಸುರಕ್ಷತಾ ಕಾಯ್ದೆಗೆ ಅಲ್ಲಿನ ಗವರ್ನರ್ ಸಹಿ ಹಾಕಿದರು. ಲೈಸೆನ್ಸ್ ಕಡ್ಡಾಯವಾದದ್ದು 2022ರಿಂದ. ಲಿಫ್ಟ್ ಅಳವಡಿಸುವ, ರಿಪೇರಿ ಮಾಡುವ ಮೆಕ್ಯಾನಿಕ್, ಗುತ್ತಿಗೆ ಸಂಸ್ಥೆ, ತಪಾಸಣೆ ಮಾಡುವ ಇನ್‌ಸ್ಪೆಕ್ಟರ್ ಈ ಮೂವರಿಗೂ ಬೇರೆ ಬೇರೆ ಲೈಸೆನ್ಸ್. ಮ್ಯಾಡಿಸನ್ ಅವೆನ್ಯೂನ ಸಾವಿನಿಂದ ಇಲ್ಲಿಗೆ ಬರಲು ಹತ್ತು ವರ್ಷ ಹಿಡಿಯಿತು.

ಮೆಕ್ಯಾನಿಕ್ ಲೈಸೆನ್ಸ್‌ನಲ್ಲಿ ಏನೇನಿರುತ್ತದೆ?

ರಾಜ್ಯದಿಂದ ರಾಜ್ಯಕ್ಕೆ ವಿವರ ಬದಲಾದರೂ ಮುಖ್ಯ ಅಂಶಗಳು ಬಹುತೇಕ ಒಂದೇ.

ಅನುಭವ ಮತ್ತು ತರಬೇತಿ: ಕೆಲವು ವರ್ಷ ನುರಿತ ಮೆಕ್ಯಾನಿಕ್ ಕೈಕೆಳಗೆ ದುಡಿದಿರಬೇಕು. ಅಲ್ಲಿನ ಲಿಫ್ಟ್ ಕಾರ್ಮಿಕರ ಸಂಘ ಮತ್ತು ಕಂಪನಿಗಳು ಸೇರಿ ನಡೆಸುವ ಅಪ್ರೆಂಟಿಸ್ ತರಬೇತಿ ನಾಲ್ಕು ವರ್ಷದ್ದು. ಹಗಲು ಕೆಲಸ, ಜೊತೆಗೆ ತರಗತಿ.

ಪರೀಕ್ಷೆ: ವಿದ್ಯುತ್, ಯಂತ್ರ, ಸುರಕ್ಷತಾ ಸಂಹಿತೆ ಮೂರೂ ಗೊತ್ತಿರಬೇಕು. ಅಮೆರಿಕದ ಲಿಫ್ಟ್ ಸುರಕ್ಷತಾ ಸಂಹಿತೆ ಎ17.1 ಮೊದಲು ಬಂದದ್ದು 1921ರಲ್ಲಿ, ಅದು ಕೆಲವು ವರ್ಷಗಳಿಗೊಮ್ಮೆ ಪರಿಷ್ಕರಣೆಯಾಗುತ್ತಲೇ ಇದೆ.

ನವೀಕರಣ: ಒಮ್ಮೆ ಸಿಕ್ಕ ಲೈಸೆನ್ಸ್ ಜೀವನಪೂರ್ತಿ ನಡೆಯುವುದಿಲ್ಲ. ಹಲವು ರಾಜ್ಯಗಳಲ್ಲಿ ನವೀಕರಿಸಬೇಕಾದರೆ ನಿಗದಿತ ಗಂಟೆಗಳ ಹೊಸ ತರಗತಿಗೆ ಹಾಜರಾಗಿರಬೇಕು.

ಸಹಾಯಕರ ಮಿತಿ: ಹೆಲ್ಪರ್ ಅಥವಾ ಅಪ್ರೆಂಟಿಸ್ ಒಬ್ಬರೇ ಹೋಗಿ ಲಿಫ್ಟ್ ರಿಪೇರಿ ಮಾಡಿ ಬರುವಂತಿಲ್ಲ. ಲೈಸೆನ್ಸ್ ಇರುವ ಮೆಕ್ಯಾನಿಕ್‌ನ ಮೇಲ್ವಿಚಾರಣೆ ಬೇಕು.

ಶಿಸ್ತು ಕ್ರಮ: ತಪ್ಪು ಮಾಡಿದರೆ ಲೈಸೆನ್ಸ್ ಅಮಾನತು ಅಥವಾ ರದ್ದು. ಅಂದರೆ ಜವಾಬ್ದಾರಿಗೆ ಕಂಪನಿಯ ಹೆಸರಷ್ಟೇ ಅಲ್ಲ, ವ್ಯಕ್ತಿಯ ಹೆಸರೂ ಇರುತ್ತದೆ.

ನಿಯಮವನ್ನು ಮತ್ತೆ ಮತ್ತೆ ಪರಿಷ್ಕರಿಸುವುದು ಏಕೆ?

ಲಿಫ್ಟ್ ಬದಲಾಗಿದೆ, ಅದಕ್ಕೆ. ಹಿಂದೆ ಮೆಷಿನ್ ರೂಮ್‌ಗೆ ಹೋದರೆ ಟಕ್ ಟಕ್ ಎಂದು ಬಡಿಯುವ ರಿಲೇಗಳಿರುತ್ತಿದ್ದವು. ಈಗ ಕಂಪ್ಯೂಟರ್ ಬೋರ್ಡ್ ಮತ್ತು ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಇವೆ. ಹಲವು ಕಟ್ಟಡಗಳಲ್ಲಿ ಮೆಷಿನ್ ರೂಮೇ ಇಲ್ಲ, ಮೋಟಾರ್ ಲಿಫ್ಟ್‌ನ ಶಾಫ್ಟ್‌ನೊಳಗೇ ಇರುತ್ತದೆ. ಇಪ್ಪತ್ತು ವರ್ಷದ ಹಿಂದಿನ ಪರೀಕ್ಷೆ ಪಾಸಾದವರಿಗೆ ಇವತ್ತಿನ ಪ್ಯಾನೆಲ್ ಪೂರ್ತಿ ಅರ್ಥವಾಗದಿರಬಹುದು.

ಸುರಕ್ಷತಾ ಸಾಧನಗಳೂ ಬದಲಾಗಿವೆ. ಜಂಪರ್ ವೈರ್‌ನ ಅಪಾಯ ಅರಿತು, ಯುರೋಪಿನ ಇಎನ್ 81-20 ಮಾನದಂಡ ಬಾಗಿಲಿಗಾಗಿ ಪ್ರತ್ಯೇಕ ಬೈಪಾಸ್ ಸಾಧನವನ್ನು ಪ್ಯಾನೆಲ್‌ನಲ್ಲೇ ಇಡಬೇಕೆಂದು ಹೇಳುತ್ತದೆ. ಅದು ಚಾಲೂ ಇರುವಾಗ ಲಿಫ್ಟ್ ಜನರ ಕರೆಗೆ ಓಡುವುದಿಲ್ಲ. ಕ್ಯಾಬಿನ್ ಚಲಿಸುವಾಗ ಶಬ್ದ, ಮಿನುಗುವ ದೀಪ ಎರಡೂ ಎಚ್ಚರಿಸುತ್ತವೆ. ಬಾಗಿಲು ತೆರೆದಿರುವಾಗ ಲಿಫ್ಟ್ ತಾನಾಗಿ ಜಾರಿದರೆ ತಡೆಯುವ ವ್ಯವಸ್ಥೆಯೂ ಕಡ್ಡಾಯವಾಗಿದೆ. ಭಾರತೀಯ ಮಾನಕ ಬ್ಯೂರೋ 2022ರಲ್ಲಿ ತಂದ ಐಎಸ್ 17900 ಇದೇ ಅಂತರರಾಷ್ಟ್ರೀಯ ಚೌಕಟ್ಟನ್ನು ಆಧರಿಸಿದೆ.

ಆದರೆ ಹಳೆಯ ಲಿಫ್ಟ್‌ಗಳಲ್ಲಿ ಇವು ಇರುವುದಿಲ್ಲ. ಒಂದೇ ಮೆಕ್ಯಾನಿಕ್ ಬೆಳಿಗ್ಗೆ ಹೊಸ ಲಿಫ್ಟ್, ಮಧ್ಯಾಹ್ನ ಮೂವತ್ತು ವರ್ಷದ ಹಳೆಯ ಲಿಫ್ಟ್ ನೋಡಬೇಕಾಗುತ್ತದೆ. ಅವರಿಗೆ ಎರಡೂ ಗೊತ್ತಿರಬೇಕು.

ಇದಕ್ಕೆ ವಿರೋಧವೂ ಇದೆ, ಏನದು?

ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಲೈಸೆನ್ಸ್ ಕಠಿಣವಾದಷ್ಟೂ ಮೆಕ್ಯಾನಿಕ್‌ಗಳ ಸಂಖ್ಯೆ ಕಡಿಮೆಯಾಗಿ ರಿಪೇರಿ ತಡವಾಗಬಹುದು, ಖರ್ಚು ಏರಬಹುದು. ವೀಲ್‌ಚೇರ್‌ನಲ್ಲಿರುವವರಿಗೆ ಲಿಫ್ಟ್ ನಾಲ್ಕು ದಿನ ನಿಂತರೆ ಅದು ಮನೆಯೊಳಗಿನ ಬಂಧನ. ಸಂಘದ ತರಬೇತಿಗೇ ಹೆಚ್ಚು ಮನ್ನಣೆ ಕೊಟ್ಟರೆ ಸಂಘದ ಹೊರಗಿರುವ ನುರಿತ ಕೆಲಸಗಾರರಿಗೆ ಅನ್ಯಾಯವಾಗುತ್ತದೆ ಎಂಬ ವಾದವೂ ಇದೆ. ಹೀಗಾಗಿ ಪರಿಷ್ಕರಣೆಯಾಗುವಾಗಲೆಲ್ಲ ಕೆಲವು ಪ್ರಶ್ನೆಗಳು ಚರ್ಚೆಗೆ ಬರುತ್ತವೆ: ಬೇರೆ ರಾಜ್ಯದ ಲೈಸೆನ್ಸನ್ನು ಒಪ್ಪಬೇಕೇ? ಮನೆಯೊಳಗಿನ ಚಿಕ್ಕ ಲಿಫ್ಟ್‌ಗೆ ಬೇರೆ, ಸರಳ ಲೈಸೆನ್ಸ್ ಸಾಕೇ? ತುರ್ತಿನಲ್ಲಿ ತಾತ್ಕಾಲಿಕ ಲೈಸೆನ್ಸ್ ಕೊಡಬಹುದೇ? ಹತ್ತಾರು ವರ್ಷ ಕೆಲಸ ಮಾಡಿದವರೂ ಪರೀಕ್ಷೆ ಬರೆಯಬೇಕೇ?

ಇನ್ನೊಂದು ಮಾತು. ಲೈಸೆನ್ಸ್ ಇದ್ದಿದ್ದರೆ 2011ರ ಆ ಸಾವು ಖಂಡಿತ ತಪ್ಪುತ್ತಿತ್ತು ಎಂದು ಹೇಳಲಾಗದು. ಲೈಸೆನ್ಸ್ ಇರುವವರೂ ಮರೆಯುತ್ತಾರೆ, ಆತುರಪಡುತ್ತಾರೆ. ಆದರೆ ಏನನ್ನು ಮರೆಯಬಾರದು ಎಂದು ಕಲಿಸಲು, ಮರೆತಾಗ ಯಾರನ್ನು ಕೇಳಬೇಕು ಎಂದು ತಿಳಿಯಲು ಅದು ದಾರಿ.

ಇದರಿಂದ ಉಳಿಯುವುದು ನಮ್ಮ ಜೀವ ಮಾತ್ರವೂ ಅಲ್ಲ. ಅಮೆರಿಕದ ನಿರ್ಮಾಣ ಕಾರ್ಮಿಕರ ಸುರಕ್ಷತೆಯ ಸಂಶೋಧನಾ ಕೇಂದ್ರ ಸಿಪಿಡಬ್ಲ್ಯೂಆರ್ ಪ್ರಕಾರ, ಅಲ್ಲಿ ಲಿಫ್ಟ್ ಮತ್ತು ಎಸ್ಕಲೇಟರ್ ಅಪಘಾತಗಳಲ್ಲಿ ವರ್ಷಕ್ಕೆ ಸುಮಾರು 30 ಮಂದಿ ಸಾಯುತ್ತಾರೆ. ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಲಿಫ್ಟ್‌ನಲ್ಲಿ ಅಥವಾ ಅದರ ಹತ್ತಿರ ಕೆಲಸ ಮಾಡುತ್ತಿದ್ದವರು.

ನಮ್ಮಲ್ಲಿ ಹೇಗಿದೆ?

ಭಾರತದಲ್ಲೂ ಲಿಫ್ಟ್ ಕಾನೂನು ರಾಜ್ಯಗಳದ್ದೇ. ಮುಂಬೈ ಪ್ರಾಂತ್ಯದ ಕಾಯ್ದೆ 1939ರದು. ಮಹಾರಾಷ್ಟ್ರ 2017ರಲ್ಲಿ ಹೊಸ ಕಾಯ್ದೆ ತಂದಿತು. ಉತ್ತರ ಪ್ರದೇಶ ತನ್ನ ಕಾಯ್ದೆ ಮಾಡಿದ್ದು 2024ರಲ್ಲಿ, ನೋಯ್ಡಾ ಸುತ್ತಮುತ್ತ ಲಿಫ್ಟ್ ಅಪಘಾತಗಳಲ್ಲಿ ಜನ ಸತ್ತ ಮೇಲೆ.

ಕರ್ನಾಟಕದಲ್ಲಿ 1974ರ ಲಿಫ್ಟ್ ಕಾಯ್ದೆಯ ಜಾಗಕ್ಕೆ ಲಿಫ್ಟ್, ಎಸ್ಕಲೇಟರ್ ಮತ್ತು ಪ್ಯಾಸೆಂಜರ್ ಕನ್ವೇಯರ್ ಕಾಯ್ದೆ, 2012 ಬಂದಿದೆ. ಅದರ ನಿಯಮಗಳು 2015ರವು. ಜಾರಿ ಮಾಡುವುದು ಇಂಧನ ಇಲಾಖೆಯ ಕೆಳಗಿರುವ ವಿದ್ಯುತ್ ಪರಿವೀಕ್ಷಣಾಲಯ. ಲಿಫ್ಟ್ ಅಳವಡಿಸಲು ಅನುಮತಿ, ಓಡಿಸಲು ಲೈಸೆನ್ಸ್, ಪರಿವೀಕ್ಷಣೆ ಇವು ಈ ವ್ಯವಸ್ಥೆಯ ಮುಖ್ಯ ಭಾಗಗಳು. ಲಿಫ್ಟ್‌ನೊಳಗೆ ನಾವು ನೋಡುವ ಕಾಗದ ಇದಕ್ಕೆ ಸಂಬಂಧಿಸಿದ್ದು. ಅದು ಬೇಕೇ ಬೇಕು. ಆದರೆ ಪರಿವೀಕ್ಷಕರು ಬಂದು ಹೋದ ದಿನ ಲಿಫ್ಟ್ ಹೇಗಿತ್ತು ಎಂಬುದಕ್ಕೆ ಮಾತ್ರ ಅದು ಸಾಕ್ಷಿ. ಆಮೇಲೆ ಪ್ರತಿ ತಿಂಗಳು ಸರ್ವಿಸ್‌ಗೆ ಬರುವವರ ಕೈಯಲ್ಲಿ ಉಳಿದದ್ದೆಲ್ಲ ಇದೆ.

ಕೆಲಸಗಾರರಿಗೇ ವೈಯಕ್ತಿಕ ಪರವಾನಗಿ ಎಂಬುದು ನಮಗೆ ಹೊಸ ವಿಚಾರವೂ ಅಲ್ಲ. ವಿದ್ಯುತ್ ಕೆಲಸಕ್ಕೆ ಗುತ್ತಿಗೆದಾರರ ಲೈಸೆನ್ಸ್, ಸೂಪರ್‌ವೈಸರ್ ಪರ್ಮಿಟ್, ವೈರ್‌ಮನ್ ಪರ್ಮಿಟ್ ನಮ್ಮಲ್ಲಿ ಬಹಳ ಕಾಲದಿಂದ ಇವೆ. ಲಿಫ್ಟ್ ಕೆಲಸ ಕಲಿಯಲು ಐಟಿಐನಲ್ಲಿ ಲಿಫ್ಟ್ ಅಂಡ್ ಎಸ್ಕಲೇಟರ್ ಮೆಕ್ಯಾನಿಕ್ ಎಂಬ ಟ್ರೇಡ್ ಕೂಡ ಇದೆ. ಹಾಗಾಗಿ "ನಿಮ್ಮಲ್ಲಿಂದ ಬರುವ ಮೆಕ್ಯಾನಿಕ್ ಏನು ಕಲಿತಿದ್ದಾರೆ?" ಎಂದು ಸರ್ವಿಸ್ ಕಂಪನಿಯನ್ನು ಕೇಳುವುದರಲ್ಲಿ ಅತಿರೇಕವೇನೂ ಇಲ್ಲ.

ಲಿಫ್ಟ್ ನಿಂತಾಗ ವಾಚ್‌ಮನ್ ಬಾಗಿಲು ತೆಗೆಯಬಹುದೇ?

ಹಲವು ಕಟ್ಟಡಗಳಲ್ಲಿ ತ್ರಿಕೋನಾಕಾರದ ತುರ್ತು ಕೀ ಒಂದು ಸೆಕ್ಯುರಿಟಿಯವರ ಬಳಿ ಇರುತ್ತದೆ. ತರಬೇತಿ ಇಲ್ಲದವರು ಅದರಿಂದ ಬಾಗಿಲು ತೆರೆಯುವುದು ಅಪಾಯ. ಬಾಗಿಲ ಹಿಂದೆ ಕ್ಯಾಬಿನ್ ಇದೆ ಎಂದುಕೊಂಡು ಹೆಜ್ಜೆಯಿಟ್ಟರೆ ಅಲ್ಲಿ ಖಾಲಿ ಶಾಫ್ಟ್ ಇರಬಹುದು. ಎರಡು ಮಹಡಿಗಳ ನಡುವೆ ನಿಂತ ಕ್ಯಾಬಿನ್‌ನಿಂದ ಹೊರಗೆ ಜಿಗಿಯುವವರು ಕೆಳಗಿನ ಸಂದಿಯಿಂದ ಶಾಫ್ಟ್‌ಗೆ ಜಾರಬಹುದು.

ಒಳಗೆ ಸಿಕ್ಕಿಕೊಂಡವರಿಗೆ ಗಾಳಿ ಮುಗಿದು ಉಸಿರುಗಟ್ಟುತ್ತದೆ ಎಂಬುದೂ ತಪ್ಪು ನಂಬಿಕೆ. ಕ್ಯಾಬಿನ್‌ಗೆ ಗಾಳಿಯಾಡಲು ಕಿಂಡಿಗಳಿರುತ್ತವೆ. ಅಲಾರಂ ಒತ್ತಿ, ಫೋನ್ ಮಾಡಿ, ಬಾಗಿಲಿನಿಂದ ದೂರ ನಿಂತು ಕಾಯುವುದೇ ಸುರಕ್ಷಿತ. ಯಾರಿಗಾದರೂ ಆರೋಗ್ಯ ಕೆಟ್ಟರೆ ಅಗ್ನಿಶಾಮಕ ದಳವನ್ನು ಕರೆಯಿರಿ.

ನಿಮ್ಮ ಕಟ್ಟಡದಲ್ಲಿ ಇವತ್ತೇ ಕೇಳಿ

1. ಲಿಫ್ಟ್‌ನ ಲೈಸೆನ್ಸ್ ಚಾಲ್ತಿಯಲ್ಲಿದೆಯೇ? ಕಾಗದ ಅಂಟಿಸಿದ್ದರೆ ಸಾಲದು, ಅದರ ಮೇಲಿನ ದಿನಾಂಕ ಓದಿ.

2. ಸರ್ವಿಸ್‌ಗೆ ಬಂದವರ ಹೆಸರು, ಮಾಡಿದ ಕೆಲಸ ಲಾಗ್‌ಬುಕ್‌ನಲ್ಲಿ ದಾಖಲಾಗಿದೆಯೇ? ಸಹಿ ಮಾತ್ರ ಇದ್ದರೆ ಏನು ಮಾಡಿದರು ಎಂದು ಬರೆಸಿ.

3. ಬಂದವರು ಮೆಕ್ಯಾನಿಕ್ಕೋ ಹೆಲ್ಪರ್ರೋ? ಅವರಿಗೆ ಐಟಿಐ ಅಥವಾ ಕಂಪನಿಯ ತರಬೇತಿ ಆಗಿದೆಯೇ? ಕಂಪನಿಯಿಂದ ಬರಹದಲ್ಲಿ ಪಡೆಯಿರಿ.

4. ಕೆಲಸ ನಡೆಯುವಾಗ ಎಲ್ಲ ಮಹಡಿಗಳಲ್ಲಿ ಬೋರ್ಡ್ ಇಟ್ಟಿದ್ದಾರೆಯೇ? "ಒಂದೇ ನಿಮಿಷ ಸಾರ್, ಇದರಲ್ಲೇ ಹೋಗಿ" ಎಂದರೂ ಹತ್ತಬೇಡಿ.

5. ಕೆಲಸ ಮುಗಿದಾಗ ಕೇಳಿ: "ಬೈಪಾಸ್ ಏನಾದರೂ ಹಾಕಿದ್ದಿರಾ? ಎಲ್ಲ ತೆಗೆದಿದ್ದೀರಾ?" ಉತ್ತರವನ್ನು ಲಾಗ್‌ಬುಕ್‌ನಲ್ಲಿ ಬರೆಸಿ.

6. ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಲಿಫ್ಟ್ ಒಮ್ಮೆಯಾದರೂ ಅಲುಗಾಡಿತೇ? ಆಗಲೇ ನಿಲ್ಲಿಸಿ. "ಆಮೇಲೆ ಸರಿಹೋಯ್ತು" ಎಂದು ಬಿಡಬೇಡಿ.

7. ಎಎಂಸಿ ಕೊಡುವಾಗ ಅತಿ ಕಡಿಮೆ ದರವನ್ನಷ್ಟೇ ನೋಡಿದಿರಾ? ಆ ದರದಲ್ಲಿ ಯಾರನ್ನು ಕಳಿಸುತ್ತಾರೆ, ಎಷ್ಟು ಹೊತ್ತು ಕೆಲಸ ಮಾಡುತ್ತಾರೆ ಎಂದೂ ಕೇಳಿ.

ಕೊನೆಯದು ನಮಗೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಲಿಫ್ಟ್ ನಿಂತ ಹತ್ತೇ ನಿಮಿಷಕ್ಕೆ "ಇನ್ನೂ ಆಗಿಲ್ವಾ? ಬೇಗ ಶುರು ಮಾಡಿ" ಎಂದು ಫೋನ್ ಮೇಲೆ ಫೋನ್ ಮಾಡುವವರು ನಾವೇ. ಶಾಫ್ಟ್‌ನೊಳಗೆ ನಿಂತು ಒಂದೊಂದೇ ಬಾಗಿಲು ಪರೀಕ್ಷಿಸುತ್ತಿರುವವರಿಗೆ ಇನ್ನರ್ಧ ಗಂಟೆ ಕೊಟ್ಟರೆ ನಮಗೆ ಆಗುವ ನಷ್ಟ ಒಂದಿಷ್ಟು ಮೆಟ್ಟಿಲು ಹತ್ತುವುದು ಮಾತ್ರ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಲಿಫ್ಟ್‌ನ ರೋಪ್‌ಗೆ ಹೆದರಬೇಡಿ, ಬಾಗಿಲಿನ ಬಗ್ಗೆ ಎಚ್ಚರವಿರಲಿ. ಬಾಗಿಲು ತೆರೆದಿರುವಾಗ ಲಿಫ್ಟ್ ಅಲುಗಾಡಿದರೆ ಹತ್ತಬೇಡಿ, ಕೂಡಲೇ ನಿಲ್ಲಿಸಿ. ಲಿಫ್ಟ್‌ನ ಲೈಸೆನ್ಸ್ ಜೊತೆಗೆ ರಿಪೇರಿ ಮಾಡಿದವರ ಹೆಸರು, ತರಬೇತಿ, ಮಾಡಿದ ಕೆಲಸ ಲಾಗ್‌ಬುಕ್‌ನಲ್ಲಿ ಇದೆಯೇ ನೋಡಿ."